ತೋರಣಗಲ್ಲು ಸಾಲಿ, ಜರ್ಮನಿ ಗೆಳತಿ: ಹೊರಗಿಂದ ಬಂದ ಮಂದಿ ಜೊತಿ ಕೂಡಿ ಏನ್ ಕಲೆ ಮಾಡ್ಬೋದು?

ಡ್ರಾಯಿಂಗ್ ಟೀಚರ್, ತೋರಣಗಲ್ಲು

ಎಲ್ರಿಗೂ ನಮಸ್ಕಾರ್ರಿ, ಸ್ವಲ್ಪ ಉದ್ದ ಬರಿತೀನಿ ಬೇಜಾರ್ ಮಾಡ್ಕೋಬ್ಯಾಡ್ರಿ. ನಾನು ತೋರಣಗಲ್ಲು ಹತ್ರ ಒಂದ್ ಸಾಲ್ಯಾಗ ಡ್ರಾಯಿಂಗ್ ಟೀಚರ್. ಇಲ್ಲಿ ಉಕ್ಕಿನ ಕಾರ್ಖಾನಿ ಇರೋದ್ರಿಂದ ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದವ್ರ ಮಕ್ಳು ಎಲ್ಲಾ ಕ್ಲಾಸ್‌ನಾಗೂ ಅದಾರ, ಅಪ್ಪಂದ್ರದು ಕಾಂಟ್ರಾಕ್ಟ್ ಕೆಲ್ಸ, ಕಾಂಟ್ರಾಕ್ಟ್ ಮುಗೀತು ಅಂದ್ರ ನಡು ವರ್ಷದಾಗ ಟಿಸಿ ಕೇಳ್ಕೊಂಡ್ ಬರ್ತಾರ. ಹುಡುಗ್ರ ಚಿಂತಿ ಇಲ್ಲ, ಆಟ ಆಡ್ಕೋತ ಕನ್ನಡ ಕಲ್ತು ಬಿಡ್ತಾವ, ಮೊದ್ಲು ಬೈಗುಳ ಆಮ್ಯಾಲ ಉಳಿದದ್ದು. ಕಷ್ಟ ಇರೋದು ತಾಯಂದ್ರದ್ದು. ಬಾಡಿಗಿ ರೂಮ್‌ನಾಗ ದಿನಪೂರ್ತಿ ಒಬ್ರೇ, ಕಿರಾಣಿ ಅಂಗಡಿಗೂ ಮಗನ್ನ ಕರ್ಕೊಂಡ್ ಹೋಗಿ ಅವನ ಕೈಲೇ ಕೇಳಿಸ್ತಾರ, ಪೇರೆಂಟ್ಸ್ ಮೀಟಿಂಗಿಗೆ ಬಂದ್ರೂ ಬಾಗ್ಲ ಹತ್ರ ನಿಂತು ಸೈನ್ ಮಾಡಿ ಹೋಗಿಬಿಡ್ತಾರ. ಊರ ತಾಯಂದ್ರು ಕೆಟ್ಟವ್ರೇನಲ್ಲ, ಆದ್ರ ಮಾತಾಡ್ಸೋದಿಲ್ಲ.

ಈಗ ವಿಷಯ ಏನಂದ್ರ, ನನ್ ಜೊತಿ ಫೈನ್ ಆರ್ಟ್ಸ್ ಓದಿದಾಕಿ ಒಬ್ಬಾಕಿ ಜರ್ಮನಿಯ ಲೈಪ್‌ಜಿಗ್‌ನಾಗ ಐದಾಳ. ಅಲ್ಲಿ ಒಂದ್ ಕಮ್ಯುನಿಟಿ ಹಾಲ್‌ನಾಗ ವಾರಕ್ಕೊಮ್ಮಿ ಸಿರಿಯಾ, ಅಫ್ಘಾನಿಸ್ತಾನ, ಉಕ್ರೇನ್‌ನಿಂದ ಬಂದ ಹೆಣ್ಮಕ್ಕಳ ಜೊತಿ ಕುಂತು ಚಿತ್ರ ಬರೀತಾರಂತ. (2015 ಒಂದೇ ವರ್ಷದಾಗ ಆ ದೇಶಕ್ಕ ಆಶ್ರಯ ಕೇಳಿ ಬಂದವ್ರು ಹತ್ತಿರ ಹತ್ತಿರ 9 ಲಕ್ಷ ಮಂದಿ, 2011ರ ಜನಗಣತಿ ಲೆಕ್ಕದಾಗ ನಮ್ ಬಳ್ಳಾರಿ ಸಿಟಿ ಎರಡು ಇಟ್ರೂ ಸಾಲಲ್ಲ.) ಅಕಿ ಹೇಳೋದು, ನಿಮ್ ಕಡಿ ತಾಯಂದ್ರು ನಮ್ ಕಡಿ ತಾಯಂದ್ರು ಕೂಡಿ ಏನರ ಒಂದು ಮಾಡೋಣು, ಅರ್ಧ ಇಲ್ಲಿ ಅರ್ಧ ಅಲ್ಲಿ. ಅಕಿ ತಲ್ಯಾಗ ಇರೋದು ಗೋಡಿ ಚಿತ್ರ, ವಿಡಿಯೋ ಕಾಲ್ ಹಚ್ಕೊಂಡು ಎರಡೂ ಕಡಿ ಬರಿಯೋದು. ಹೆಡ್‌ಮಾಸ್ತರ್ ಹೂಂ ಅಂದಾರ, ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಒಬ್ರು ಮಾತ್ರ ಮಖದ ಮ್ಯಾಲೇ ಕೇಳಿದ್ರು, ನಮ್ ಮಂದಿಗೆ ಇಲ್ಲದ್ದು ಅವ್ರಿಗ್ಯಾಕ ಮೇಡಂ ಅಂತ. ಅದಕ್ಕ ಉತ್ರ ನನ್ ಹತ್ರ ಸರಿಯಾಗಿ ಇರ್ಲಿಲ್ಲ.

ಇಂಥದ್ದು ಯಾರಾದ್ರೂ ಮಾಡಿದ್ರ, ನೋಡಿದ್ರ ಹೇಳ್ರಿ. ಗೋಡಿ ಚಿತ್ರ ಚಲೋನೋ ಬ್ಯಾರೆ ಏನರ ಚಲೋನೋ, ಅಲ್ಲಿಂದ ಸ್ವಲ್ಪ ದುಡ್ಡು ಕಳಿಸ್ತೀವಿ ಅಂತಾರ ಅದು ತಗೋಬೋದಾ, ಮತ್ತ ಊರ ಹೆಣ್ಮಕ್ಕಳನ್ನ ಹೆಂಗ ಕೂಡಿಸ್ಬೇಕು.

ಕೊಪ್ಪಳದ ಬಯಲಾಟ ಪ್ರೇಮಿ

ಮೇಡಂ ಗೋಡಿ ಬಿಡ್ರಿ, ಗೊಂಬಿ ಮಾಡ್ರಿ. ನಮ್ ಜಿಲ್ಲಾದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವ್ರಿಗೆ 2025ರಾಗ ಪದ್ಮಶ್ರೀ ಬಂತಲ್ಲ, ತೊಗಲುಗೊಂಬಿ ಆಟಕ್ಕ. ಆ ಸಮಾಜದವ್ರು ಮನ್ಯಾಗ ಮಾತಾಡೋದು ಮರಾಠಿ ಥರದ ಮಾತು, ಪರದೆ ಹಿಂದ ಕುಂತು ಹಾಡೋದು ಕನ್ನಡ ರಾಮಾಯಣ. ಅವ್ರೂ ಒಂದ್ ಕಾಲಕ್ಕ ಊರೂರು ತಿರುಗ್ಯಾಡಿ ಬಂದವ್ರೇ, ಈಗ ಅವ್ರನ್ನ ಹೊರಗಿನವ್ರು ಅಂತ ಯಾರರ ಅಂದ್ರ ಕೊಪ್ಪಳದಾಗ ಹೊಡಿತಾರ.

ಹೊರದೇಶದಾಗೂ ಗೊಂಬೀಲೇ ದೊಡ್ಡ ಕೆಲ್ಸ ಆಗೈತಿ. 2021ರಾಗ ಲಿಟಲ್ ಅಮಲ್ ಅಂತ ಮೂರೂವರೆ ಮೀಟರ್ ಎತ್ತರದ ಗೊಂಬಿ, ಒಂಬತ್ತು ವರ್ಷದ ಸಿರಿಯಾ ಹುಡುಗಿ ಅಂತ ಲೆಕ್ಕ, ಸಿರಿಯಾ ಗಡಿ ಹತ್ರ ಇರೋ ಟರ್ಕಿಯ ಗಾಜಿಯಾಂಟೆಪ್‌ನಿಂದ ಹೊಂಟು ಗ್ರೀಸ್, ಇಟಲಿ, ಫ್ರಾನ್ಸ್ ದಾಟಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮುಟ್ಟಿತು, ಎಂಟು ಸಾವಿರ ಕಿಲೋಮೀಟರ್. ಗೊಂಬಿ ಮಾಡಿದವ್ರು ದಕ್ಷಿಣ ಆಫ್ರಿಕಾದ ಹ್ಯಾಂಡ್‌ಸ್ಪ್ರಿಂಗ್ ಕಂಪ್ನಿಯವ್ರು, ಒಳಗ ಒಬ್ಬಾವ ಮರಗಾಲು ಕಟ್ಕೊಂಡು ನಡೀತಾನ, ಕೈಗೆ ಒಬ್ಬೊಬ್ರು ಬ್ಯಾರೆ. ಅದು ಹೋದ ಹೋದ ಊರಾಗ ಅಲ್ಲಿನ ಮಂದೀನೇ ಸ್ವಾಗತ ಹೆಂಗ ಮಾಡ್ಬೇಕು ಅಂತ ತಾವೇ ಯೋಚ್ನೆ ಮಾಡಿ ಮಾಡಿದ್ರು, ಕೆಲವು ಕಡಿ ಬ್ಯಾಂಡು, ಕೆಲವು ಕಡಿ ಸಾಲಿ ಹುಡುಗ್ರ ಮೆರವಣಿಗಿ. ಎಲ್ಲಾ ಕಡಿ ಹೂವಿನ ಮಾಲಿ ಬೀಳ್ಲಿಲ್ಲ ಅದನ್ನೂ ಹೇಳ್ತೀನಿ, ಗ್ರೀಸಿನ ಲಾರಿಸಾದಾಗ ಗೊಂಬಿಗೆ ಕಲ್ಲು ಒಗದ್ರು, ಮೆಟಿಯೋರಾ ಅಂತ ಮಠಗಳ ಊರಾಗ ಇಲ್ಲಿ ಬರೂದೇ ಬ್ಯಾಡ ಅಂತ ಕೌನ್ಸಿಲ್‌ನವ್ರು ಠರಾವು ಮಾಡಿದ್ರು. ಗೊಂಬಿಗೇ ಹಿಂಗಾದ್ರ ಮನುಷ್ಯಾರಿಗೆ ಹೆಂಗ ಅನ್ನೂದು ಎಲ್ರಿಗೂ ತಿಳೀತು, ಅದೂ ಒಂದು ಕೆಲ್ಸಾನೇ ಆತು.

ನೀವು ಒಂದ್ ದೊಡ್ಡ ಗೊಂಬಿ ಮಾಡಿ ಕಾರಹುಣ್ಣಿವಿ ಟೈಮ್‌ನಾಗ ಊರ ತುಂಬ ಹೊಂಡಿಸ್ರಿ. ತೊಗಲು ಬ್ಯಾಡಂದ್ರ ರಟ್ಟು, ಬಿದಿರು ಸಾಕು.

ದೇವದುರ್ಗದಾವ

ಕೊಪ್ಪಳದಣ್ಣ ಮೆರವಣಿಗಿ ಅಂದ್ರ ಸಾಕು ಎದ್ದು ನಿಂದರ್ತಾನ. ನಾ ಸ್ವಲ್ಪ ತಣ್ಣೀರು ಹಾಕ್ತೀನಿ ಸಿಟ್ಟಾಗಬ್ಯಾಡ್ರಿ.

2019ರ ಜುಲೈನಾಗ ಅಮೆರಿಕಾ ಮೆಕ್ಸಿಕೋ ನಡುವಿನ ಕಬ್ಬಿಣದ ಬೇಲಿ ಸಂದಿಯಾಗ ಗುಲಾಬಿ ಬಣ್ಣದ ಮೂರು ಏತಪಾತ ತೂರ್ಸಿ ಆ ಕಡಿ ಮಕ್ಳು ಈ ಕಡಿ ಮಕ್ಳು ಆಡಿದ್ರು, ಕ್ಯಾಲಿಫೋರ್ನಿಯಾದ ಇಬ್ರು ಪ್ರೊಫೆಸರ್ ಮಾಡಿದ್ದು. ವಿಡಿಯೋ ನಿಮ್ ಎಲ್ರ ವಾಟ್ಸಾಪಿಗೂ ಬಂದಿರ್ತದ. ಲಂಡನ್ ಡಿಸೈನ್ ಮ್ಯೂಸಿಯಂನವ್ರು ದೊಡ್ಡ ಪ್ರಶಸ್ತಿನೂ ಕೊಟ್ರು. ಆಟ ನಡದದ್ದು ಒಂದ್ ತಾಸೂ ಇಲ್ಲ. ಬೇಲಿ ಇನ್ನೂ ಅಲ್ಲೇ ಅದ. ಕಲಾವಿದ್ರು ಸುಳ್ಳು ಅಂತ ಅಲ್ಲ, ಅವ್ರಿಗೆ ಬೇಲಿ ತೋರಸ್ಬೇಕಿತ್ತು ತೋರ್ಸಿದ್ರು. ನಿಮಗ ಬೇಕಾಗಿರೋದು ಅದಲ್ಲ, ಬಾಗ್ಲ ಹತ್ರ ನಿಂತಾಕಿ ಒಳಗ ಬಂದು ಕುಂದರ್ಬೇಕು, ಅದಕ್ಕ ಒಂದ್ ದಿನದ ಆಟ ಸಾಲಂಗಿಲ್ಲ. ಅಕಿ ಮನ್ಯಾಗ ರೇಷನ್ ಇಲ್ಲಂದ್ರ ಅಕಿ ಬರೋದೂ ಇಲ್ಲ, ಊರಿನ ಕಾರ್ಡ್ ಮ್ಯಾಲೇ ಇಲ್ಲಿ ಅಂಗಡಿಯಾಗ ರೇಷನ್ ತಗೋಬೋದು ಅನ್ನೋದು ಎಷ್ಟೋ ಮಂದಿಗೆ ಗೊತ್ತೇ ಇರಂಗಿಲ್ಲ, ಅದು ಹೇಳೋದ್ರಿಂದ ಶುರು ಮಾಡ್ರಿ.

ಇನ್ನ ನಿಮ್ ಎಸ್‌ಡಿಎಂಸಿಯವ್ರ ಪ್ರಶ್ನೆ. ಅವ್ರ ಮನ್ಯಾಗ ಗುಳೆ ಹೋದವ್ರು ಯಾರೂ ಇಲ್ಲೇನು ಕೇಳ್ರಿ. ನಮ್ ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡಿ ಸುಗ್ಗಿ ಮುಗೀತಂದ್ರ ಊರಿಗೆ ಊರೇ ಖಾಲಿ, ಬೆಂಗ್ಳೂರು, ಪುಣೆ, ಹೈದರಾಬಾದ್, ಕಟ್ಟಡದ ಕೆಲ್ಸ. ಮನಿ ಮುಂದ ಮುದುಕ್ರು, ಬೀಗ, ನಾಯಿ. ನಮ್ಮವ್ವ ಬೆಂಗ್ಳೂರಾಗ ತಗಡಿನ ಶೆಡ್ಡಿನಾಗ ಇದ್ದಾಗ ಅಲ್ಲಿ ಪಕ್ಕದ ಬಿಲ್ಡಿಂಗಿನವ್ರು ಇಕಿ ಕಡಿ ಹೆಂಗ ನೋಡ್ತಿದ್ರು ಅನ್ನೋದು ಇಕಿಗೆ ಇನ್ನೂ ನೆನಪದ, ಅದೂ ಕನ್ನಡ ನಾಡಿನಾಗೇ, ಇಕಿ ಮಾತಾಡೋದು ಕನ್ನಡಾನೇ. ಹಂಗಾಗಿ ಬಿಹಾರದವ್ರಿಗಾಗಿ ಅಂತ ಬೋರ್ಡ್ ಹಾಕಿ ಮಾಡಿದ್ರ ಊರ ಹೆಣ್ಮಕ್ಕಳು ಬರಂಗಿಲ್ಲ, ಬಂದ್ರೂ ದಾನ ಮಾಡಾಕ ಬಂದಂಗ ಬರ್ತಾರ. ನಿಮ್ ಮನಿಯಿಂದ ಯಾರು ಹೊರಗ ಹೋಗ್ಯಾರ, ನಿಮ್ ಮನಿಗೆ ಯಾರು ಹೊರಗಿಂದ ಬಂದಾರ, ಇದು ಕೇಳ್ರಿ. ಬಳ್ಳಾರಿ ರಾಯಚೂರಾಗ ಇದಕ್ಕ ಉತ್ರ ಇಲ್ಲದ ಮನಿ ನನಗಂತೂ ಗೊತ್ತಿಲ್ಲ. ಸೊಸಿ ಆಗಿ ಬಂದಾಕೀನೂ ಹೊರಗಿಂದ ಬಂದಾಕೀನೇ.

ಆರ್‌ಎಚ್ ಕ್ಯಾಂಪ್ ಹುಡುಗಿ, ಸಿಂಧನೂರು

ದೇವದುರ್ಗದ ಅಣ್ಣ ಹೇಳಿದ್ದಕ್ಕ ನಂದೂ ಸೇರಿಸ್ತೀನಿ. ನಾ ಸಿಂಧನೂರು ತಾಲೂಕಿನ ಆರ್‌ಎಚ್ ಕ್ಯಾಂಪಿನಾಕಿ. ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಮಂದೀನ 70ರ ದಶಕದ ಶುರುವಿನಾಗ ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂಡಿಸ್ತು, ಬರ್ಮಾದಿಂದ ವಾಪಸ್ ಬಂದ ಕುಟುಂಬಗಳೂ ಅದಾವ. ಅದಕ್ಕೂ ಮೊದ್ಲು ತುಂಗಭದ್ರಾ ಡ್ಯಾಂ ಆಗಿ ಕಾಲುವಿ ನೀರು ಬಂದ ಮ್ಯಾಲ ಆಂಧ್ರದವ್ರು ಬಂದು ಗಂಗಾವತಿ, ಕಾರಟಗಿ, ಸಿಂಧನೂರು ತುಂಬ ಕ್ಯಾಂಪ್ ಕಟ್ಟಿದ್ರು. ಅಂದ್ರ ಇಲ್ಲಿ ಭತ್ತ ಬೆಳೆಯೋ ಅರ್ಧ ಊರುಗಳ ಹೆಸ್ರಿನ ಹಿಂದ ಕ್ಯಾಂಪ್ ಅಂತ ಅದ, ಯಾರಿಗೂ ವಿಚಿತ್ರ ಅನ್ಸಂಗಿಲ್ಲ.

ಮನ್ಯಾಗ ಬಂಗಾಲಿ, ಹೊಲದಾಗ ಕನ್ನಡ, ಪ್ಯಾಟ್ಯಾಗ ತೆಲುಗು ಹಿಂದಿ ಎಲ್ಲಾ. ನನಗ ಬಂಗಾಲಿ ಓದಾಕ ಬರಂಗಿಲ್ಲ, ಕನ್ನಡ ಮೀಡಿಯಂ ಓದಿದಾಕಿ. ಆದ್ರೂ ಬೆಂಗ್ಳೂರಿಗೆ ಹೋಗಿ ಫೋನ್‌ನಾಗ ಅಮ್ಮನ ಜೊತಿ ಬಂಗಾಲಿ ಮಾತಾಡಿದ್ರ ಪಕ್ಕದವ್ರು ತಿರುಗಿ ನೋಡ್ತಾರ. ಅದು ಬಿಡ್ರಿ.

ಮೇಡಂ ನಾ ಹೇಳಬೇಕಾದ್ದು ಕೌದಿ. ನಮ್ಮ ಅಜ್ಜಿ ಕಾಂಥಾ ಹೊಲೀತಿದ್ಲು, ಹಳೇ ಸೀರಿ ಮೂರೋ ನಾಕೋ ಒಂದರ ಮ್ಯಾಲೊಂದು ಹಾಸಿ, ಹಳೇ ಸೀರಿ ಅಂಚಿನಿಂದಲೇ ದಾರ ಎಳದು, ಸಣ್ಣ ಸಣ್ಣ ಓಡ್ಹೊಲಿಗಿ. ಪಕ್ಕದ ಹಳ್ಳಿಯಿಂದ ಹೊಲದ ಕೆಲ್ಸಕ್ಕ ಬರ್ತಿದ್ದ ಆಯಿ ಒಬ್ರು ಅದನ್ನ ನೋಡಿ ಇದು ನಮ್ ಕೌದಿ ಅಲ್ಲೇನು, ಇಷ್ಟ್ ಸಣ್ಣ ಹೊಲಿಗಿ ಯಾಕ ಕಣ್ಣು ಹೋಗ್ತಾವ ಅಂದ್ರಂತ. ಇಬ್ರಿಗೂ ಒಬ್ರ ಮಾತು ಒಬ್ರಿಗೆ ಬರ್ತಿರ್ಲಿಲ್ಲ ಆಗ. ನಿಮ್ ಕಡಿ ಕೌದಿ ಹೊಲಿಗಿ ದಪ್ಪ, ದೂರ ದೂರ, ಅಂಚಿನಿಂದ ಸುತ್ತು ಹಾಕ್ಕೋತ ಒಳಗ ಬರ್ತಾರ, ನಮ್ದು ನಡುವಿನ ಹೂವಿನಿಂದ ಶುರು ಆಗ್ತದ. ಬಿಹಾರದಾಗ ಇದನ್ನೇ ಸುಜನಿ ಅಂತಾರ, ಮುಜಫರ್‌ಪುರ ಕಡಿ ಭೂಸುರಾ ಊರಿಂದು ಹೆಸ್ರುವಾಸಿ, 2006ರಾಗ ಜಿಐ (ಇದು ಈ ಕಡಿದೇ ಅನ್ನೋ ಸರ್ಕಾರಿ ಗುರುತು) ಬಂದದ, ಮೊದ್ಲೆಲ್ಲಾ ಹುಟ್ಟಿದ ಕೂಸಿಗೆ ಸುತ್ತಾಕ ಮಾಡ್ತಿದ್ರು. ನಿಮ್ ಸಾಲಿ ಬಾಗ್ಲ ಹತ್ರ ನಿಂತಿರೋ ತಾಯಂದ್ರಾಗ ನಾಕ್ ಮಂದಿಗರ ಇದು ಬಂದೇ ಬರ್ತದ, ಬರೀ ಕೇಳಿಲ್ಲ ಯಾರೂ. ಉತ್ತರ ಕನ್ನಡದ ಸಿದ್ದಿಗಳ ಕೌದಿ ನೋಡ್ರಿ, ಆಫ್ರಿಕಾದಿಂದ ಬಂದವ್ರ ವಂಶದವ್ರು ಇಲ್ಲಿ ಹಳೇ ಬಟ್ಟೀಲೆ ಹೊಲಿಯೋ ಕೌದಿ ಈಗ ಹೊರದೇಶದ ಎಕ್ಸಿಬಿಶನ್‌ನಾಗ ಗೋಡಿಗೆ ನೇತಾಡ್ತಾವ.

ಗೋಡಿ ಚಿತ್ರ ಅಂದ್ರ ಬ್ರಷ್ ಹಿಡಿಯೋದು ಗೊತ್ತಿರೋಳು ನೀವೊಬ್ರೇ, ಉಳಿದವ್ರು ನೀವು ಹೇಳಿದ ಕಡಿ ಬಣ್ಣ ತುಂಬ್ತಾರ. ಸೂಜಿ ಹಿಡಿಯೋದ್ರಾಗ ನಿಮಗಿಂತ ಅವ್ರು ಮುಂದ. ನಿಮ್ ಪಕ್ಕದಾಗೇ ಸಂಡೂರು ಐತಲ್ರಿ, ಲಂಬಾಣಿ ಕಸೂತಿ, 2010ರಾಗ ಜಿಐ. 2023ರ ಜುಲೈನಾಗ ಹಂಪಿಯೊಳಗ ಜಿ20 ಸಭೆ ಆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಮಕ್ಕಳು ಮಾಡಿದ 1755 ತುಂಡು ಕಸೂತಿ ಇಟ್ಟು ಗಿನ್ನೆಸ್ ದಾಖಲೆ ಆತು. ಲಂಬಾಣಿ ಮಂದೀನೂ ಎತ್ತಿನ ಮ್ಯಾಲ ಉಪ್ಪು, ಕಾಳು ಹೇರ್ಕೊಂಡು ದೇಶ ಸುತ್ತಿದವ್ರು. ಒಬ್ರು ಸಂಡೂರಿನಾಕಿ, ಒಬ್ರು ಬಿಹಾರದಾಕಿ, ಒಬ್ರು ಊರಾಕಿ ಒಂದೇ ಚಾಪಿ ಮ್ಯಾಲ ಕುಂತ್ರ ಯಾರು ಯಾರಿಗೆ ಕಲಿಸ್ತಾರ ಅನ್ನೋದು ನೀವು ಮೊದ್ಲೇ ಹೇಳಾಕ ಬರಂಗಿಲ್ಲ.

ಜರ್ಮನಿ ಕಡಿಯವ್ರಿಗೂ ಇದು ಕಷ್ಟ ಆಗ್ಬಾರ್ದು, ಹಳೇ ಬಟ್ಟಿ ಎಲ್ಲಾ ದೇಶದಾಗೂ ಇರ್ತಾವ. ಚಿಲಿ ದೇಶದಾಗ 1973ರಾಗ ಮಿಲಿಟರಿ ಆಡಳಿತ ಬಂದು ಗಂಡಸ್ರು ಕಾಣೆಯಾದಾಗ ಅವ್ರ ತಾಯಂದ್ರು ಹೆಂಡಂದ್ರು ಗೋಣಿತಟ್ಟಿನ ಮ್ಯಾಲ ಚಿಂದಿ ಬಟ್ಟಿ ಹೊಲ್ದು ತಮ್ಮ ಕತಿ ಬರದ್ರು, ಆರ್ಪಿಯೆರಾ ಅಂತಾರ, ಚರ್ಚಿನವ್ರು ಅದನ್ನ ಗುಟ್ಟಾಗಿ ಹೊರದೇಶಕ್ಕ ಕಳಿಸ್ತಿದ್ರು. ಲಾವೋಸ್ ಬಿಟ್ಟು ಓಡಿ ಬಂದ ಹ್ಮಾಂಗ್ ಜನ ಥಾಯ್ಲೆಂಡ್ ಕ್ಯಾಂಪಿನಾಗ ಕುಂತು ನದಿ ದಾಟಿದ್ದನ್ನೇ ಬಟ್ಟಿ ಮ್ಯಾಲ ಹೊಲದ್ರು. ಮನುಷ್ಯಾರು ದಾಟಾಕ ಆಗದ ಕಡಿ ಬಟ್ಟಿ ದಾಟೇದ.

ಒಂದೇ ಒಂದ್ ವಿನಂತಿ. ನಿರಾಶ್ರಿತರ ಕಣ್ಣೀರಿನ ಕತಿ ಅಂತ ಪೋಸ್ಟರ್ ಮಾಡಬ್ಯಾಡ್ರಿ. ನಮ್ ಕ್ಯಾಂಪಿಗೆ ಕ್ಯಾಮೆರಾ ತಗೊಂಡು ಬಂದವ್ರು ಎಲ್ರೂ ಅಜ್ಜಿಗೆ ಅಳ್ಸಾಕೇ ನೋಡ್ತಿದ್ರು, ಕಾಂಥಾ ಹೆಂಗ ಹೊಲೀತೀ ಅಂತ ಯಾರೂ ಕೇಳ್ಲಿಲ್ಲ.

ಬಳ್ಳಾರಿ ಲೆಕ್ಕಪತ್ರದವನು

ಕಲೆ ಬಗ್ಗೆ ನನಗೆ ಗೊತ್ತಿಲ್ಲ, ದುಡ್ಡಿನ ಬಗ್ಗೆ ಹೇಳ್ತೀನಿ, ಆಡಿಟ್ ಆಫೀಸಲ್ಲಿ ಕೆಲಸ ಮಾಡೋನು. ಜರ್ಮನಿಯಿಂದ ದುಡ್ಡು ಅಂದ ಕೂಡಲೇ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಬರುತ್ತೆ. 2010ರ ಕಾಯ್ದೆ, 2020ರಲ್ಲಿ ತಿದ್ದುಪಡಿ ಆಗಿ ಇನ್ನೂ ಬಿಗಿ ಆಯ್ತು. ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಂಸ್ಥೆ ವಿದೇಶಿ ದೇಣಿಗೆ ತಗೊಳ್ಳೋ ಹಾಗಿಲ್ಲ, ಇದ್ದವರಿಗೂ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆ ಖಾತೆಗೇ ಬರಬೇಕು, ಮತ್ತೆ ಅವರು ಅದನ್ನ ಬೇರೆ ಸಂಸ್ಥೆಗೆ ದಾಟಿಸೋ ಹಾಗಿಲ್ಲ. ಹಾಗಾಗಿ ಗೊತ್ತಿರೋ ಎನ್‌ಜಿಒ ಮೂಲಕ ತರಿಸ್ತೀವಿ ಅನ್ನೋ ಐಡಿಯಾ ಬಿಟ್ಟುಬಿಡಿ. ನಿಮ್ಮ ಸ್ವಂತ ಖಾತೆಗೆ ಹಾಕಿಸ್ಕೊಂಡು ಸಾಲೆಗೆ ಖರ್ಚು ಮಾಡೋದಂತೂ ಬೇಡವೇ ಬೇಡ. ಹಳೇ ಸೀರೆಗೆ ದುಡ್ಡು ಯಾಕೆ ಬೇಕು ಅದನ್ನೂ ಯೋಚನೆ ಮಾಡಿ, ಸೂಜಿ, ದಾರ, ಚಹಾ ಅಷ್ಟೇ ತಾನೇ, ಊರಲ್ಲೇ ಆಗುತ್ತೆ.

ಪಾರ್ಸೆಲ್ ವಿಷಯ. 2021ರ ಜುಲೈನಿಂದ ಯುರೋಪಿಗೆ ಹೋಗೋ ಸಣ್ಣ ಪಾರ್ಸೆಲ್ಲಿಗೂ ಕಸ್ಟಮ್ಸ್ ಲೆಕ್ಕ ಇದೆ, ಒಬ್ಬರಿಂದ ಒಬ್ಬರಿಗೆ ಖಾಸಗಿ ಗಿಫ್ಟ್ ಆದ್ರೆ 45 ಯೂರೋ ತನಕ ತೆರಿಗೆ ಇಲ್ಲ. ನಮ್ಮ ಕಡೆ ಇನ್ನೂ ಮಜಾ, 2019ರ ಡಿಸೆಂಬರ್‌ನಿಂದ ಹೊರಗಿಂದ ಬರೋ ಗಿಫ್ಟಿಗೆ ಇದ್ದ ವಿನಾಯಿತಿ ತೆಗೆದು ಹಾಕಿದ್ರು, ರಾಖಿಗೆ ಮತ್ತೆ ಜೀವ ಉಳಿಸೋ ಔಷಧಿಗೆ ಮಾತ್ರ ಬಿಟ್ರು. ಕೌದಿ ರಾಖಿ ಅಲ್ಲ. ಪೂರ್ತಿ ಕೌದಿ ಅಲ್ಲಿಂದಿಲ್ಲಿಗೆ ಓಡಾಡಿಸೋ ಬದಲು ಎರಡೂ ಕಡೆ ಒಂದೊಂದು ಕೌದಿ ಹೊಲೀರಿ, ನಡುವಿನ ತುಂಡು ಮಾತ್ರ ಅದಲು ಬದಲು ಮಾಡ್ಕೊಳ್ಳಿ, ಯಾರಾದ್ರೂ ಊರಿಗೆ ಬರುವಾಗ ಬ್ಯಾಗಲ್ಲಿ ಹಾಕ್ಕೊಂಡು ಬಂದ್ರೂ ಆಗುತ್ತೆ. ಅಳತೆ ಮೊದಲೇ ಒಂದೇ ಅಂತ ನಿಗದಿ ಮಾಡಿ. ಅಮೆರಿಕಾದಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ 1987ರಲ್ಲಿ ಶುರುವಾದ ದೊಡ್ಡ ಕ್ವಿಲ್ಟ್ ಇದೆಯಲ್ಲ, ಯಾರೇ ಹೊಲಿದ್ರೂ ಒಂದು ತುಂಡು ಮೂರು ಅಡಿ ಆರು ಅಡಿ, ಅದಕ್ಕೇ ಅಷ್ಟು ಸಾವಿರ ತುಂಡು ಜೋಡಿಸೋಕೆ ಆಯ್ತು.

ಇನ್ನೊಂದು, ತುಂಡಿನ ಮೇಲೆ ಹೆಸರು ಹೊಲಿಯೋದು, ಫೋಟೋ ಫೇಸ್‌ಬುಕ್ಕಿಗೆ ಹಾಕೋದು ಕೇಳದೆ ಮಾಡಬೇಡಿ. ಜರ್ಮನಿ ಕಡೆ ಇರೋರಲ್ಲಿ ಕೆಲವರ ಅರ್ಜಿ ಇನ್ನೂ ಬಾಕಿ ಇರಬಹುದು, ಊರಲ್ಲಿ ಅವರ ಮನೆಯವರಿಗೆ ತೊಂದರೆ ಆಗಬಹುದು.

ಕೊಪ್ಪಳದ ಬಯಲಾಟ ಪ್ರೇಮಿ

ಆತು ಕೌದಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಗಂಡಸ್ರು ಎಲ್ಲಿ ಬಂದ್ರು ಇದ್ರಾಗ? ಕಾರ್ಖಾನ್ಯಾಗ ದುಡಿಯೋ ಹುಡುಗ್ರು ಒಂದ್ ರೂಮ್‌ನಾಗ ಎಂಟೆಂಟು ಮಂದಿ ಇರ್ತಾರ, ಅವ್ರಿಗೆ ಊರ ಪರಿಚಯ ಇಲ್ಲ. ಕೌದಿ ತೋರ್ಸೋ ದಿನಕ್ಕರ ಗೊಂಬಿ ಇರ್ಲಿ. ನಾನು ಬಿದಿರು ತರ್ತೀನಿ.

ಡ್ರಾಯಿಂಗ್ ಟೀಚರ್, ತೋರಣಗಲ್ಲು

ಅಬ್ಬಾ, ಇಷ್ಟ್ ಮಂದಿ ಬರೀತೀರಿ ಅನ್ಕೊಂಡಿರ್ಲಿಲ್ಲ. ನಿನ್ನೆ ಸಾಲಿ ಬಿಡೋ ಟೈಮ್‌ನಾಗ ಬಾಗ್ಲ ಹತ್ರ ನಿಂತಿದ್ದ ಇಬ್ರು ತಾಯಂದ್ರಿಗೆ ನಮ್ಮ ಮನಿ ಕೌದಿ ತಂದು ತೋರಿಸ್ದೆ. ಒಬ್ಬಾಕಿ ದರ್ಭಾಂಗಾ ಕಡಿಯಾಕಿ, ತಿರುಗಿಸಿ ಹಿಂದಿನ ಹೊಲಿಗಿ ನೋಡಿ ನಕ್ಳು, ಮಗನ್ ಕೈಲಿ ಹೇಳಿಸಿದ್ಲು, ಇದು ಅವಸರದಾಗ ಹೊಲ್ದಿದ್ದು ಅಂತ. ನಮ್ಮತ್ತಿ ಹೊಲ್ದಿದ್ದು, ಅವ್ರಿಗೆ ಹೇಳಿಲ್ಲ ಇನ್ನ.

ದೇವದುರ್ಗದಣ್ಣಾ ನಿಮ್ ಪ್ರಶ್ನೆ ಎಸ್‌ಡಿಎಂಸಿಯವ್ರಿಗೆ ಕೇಳ್ದೆ. ಅವ್ರ ತಮ್ಮ ದುಬೈನಾಗ ಎಸಿ ಮೆಕ್ಯಾನಿಕ್ ಅಂತ, ಸುಮ್ನಾದ್ರು, ಆದ್ರ ಒಪ್ಪಿಕೊಂಡ್ರು ಅಂತ ಹೇಳಾಕ ಆಗಲ್ಲ. ಅವ್ರ ಮನ್ಯವ್ರು ಬರ್ತೀನಿ ಅಂದಾರ, ಅದು ಸಾಕು ನನಗ. ಗೆಳತಿಗೆ ದುಡ್ಡು ಬ್ಯಾಡ ಅಂತ ಹೇಳೀನಿ, ಅಕಿಗೆ ಸ್ವಲ್ಪ ಬೇಜಾರಾತು ಆದ್ರ ಕೌದಿ ಐಡಿಯಾ ಭಾಳ ಹಿಡಿಸ್ತು, ಅಲ್ಲಿ ಉಕ್ರೇನ್ ಅಜ್ಜಿ ಒಬ್ರು ಅಡ್ಡ ಹೊಲಿಗಿ ಹಾಕ್ತಾರಂತ, ನಮ್ ಕಸೂತಿ ಥರಾನೇ ಲೆಕ್ಕ ಹಿಡಿದು. ಅಳತಿ ಎರಡು ಅಡಿಗೆ ಎರಡು ಅಡಿ ಅಂತ ಮಾಡೀವಿ, ಮೂರು ಆರು ಅಂದ್ರ ನಮ್ ರೂಮ್ ಸಾಲಲ್ಲ. ಗಂಡಸ್ರ ವಿಷಯ ಕೊಪ್ಪಳದಣ್ಣ ಹೇಳಿದ್ದು ಖರೇ ಐತಿ, ಅದಕ್ಕ ಈಗ ನನ್ ಹತ್ರ ಏನೂ ಇಲ್ಲ.

ಯಾವ ವಾರ ಇಡಬೇಕು ಹೇಳ್ರಿ, ಭಾನುವಾರ ಗಂಡಂದ್ರು ಮನ್ಯಾಗ ಇರ್ತಾರ, ಆವತ್ತು ಹೆಂಗಸ್ರು ಹೊರಗ ಬೀಳಲ್ಲ.

ಆರ್‌ಎಚ್ ಕ್ಯಾಂಪ್ ಹುಡುಗಿ, ಸಿಂಧನೂರು

ಶನಿವಾರ ಮಧ್ಯಾಹ್ನ ಇಡ್ರಿ, ಸಾಲಿ ಮುಂಜಾನಿ ಬಿಟ್ಟಿರ್ತದ, ಮಕ್ಳು ಅಲ್ಲೇ ಆಡ್ಕೋತ ಇರ್ತಾವ. ಅಮ್ಮ ಎರಡು ಚೀಲ ಹಳೇ ಸೀರಿ ಕೊಟ್ಟಾಳ, ಕಾಟನ್ ಅಷ್ಟೇ, ಸಿಂಥೆಟಿಕ್ ತಗೋಬ್ಯಾಡ್ರಿ ಸೂಜಿ ಜಾರ್ತದ. ಬಳ್ಳಾರಿ ಬಸ್ಸಿಗೆ ಹಾಕ್ತೀನಿ, ಬಸ್ ಸ್ಟ್ಯಾಂಡಿನಾಗ ಇಳಿಸ್ಕೊಳ್ಳೋವ್ರು ಯಾರರ ಇದ್ರ ಹೇಳ್ರಿ.

ಬಳ್ಳಾರಿ ಲೆಕ್ಕಪತ್ರದವನು

ನಾನು ಇಳಿಸ್ಕೋತೀನಿ. ಯಾವ ಬಸ್ ಅಂತ ಹೊರಟ ಮೇಲೆ ಮೆಸೇಜ್ ಹಾಕಿ.